ಸಂತಾನಾಪೇಕ್ಷಿಗಳಿಗೆ ಮಾರುವ ಮೂಲಿಕೆ ಮತ್ತು ಮಣಿ: ವರ್ತಕರು ಅರಿತಿರಬೇಕಾದ ಕಾನೂನು ಹಾಗೂ ಲೆಕ್ಕ

ಅಶ್ವಗಂಧದ ಬೇರು, ಶತಾವರಿ, ಲೋಧ್ರದ ಚಕ್ಕೆ, ಶಿವಲಿಂಗಿ ಬೀಜ, ಪುತ್ರಂಜೀವದ ಬೀಜ ಇವು ನಮ್ಮ ಗ್ರಂಧಿಗೆ ಅಂಗಡಿಗಳಿಗೆ ಹೊಸ ಸರಕುಗಳಲ್ಲ. ಮಂಡ್ಯದ ಪೇಟೆಬೀದಿಯಾಗಲಿ, ಮದ್ದೂರು, ಮಳವಳ್ಳಿಗಳ ಸಂತೆಯಾಗಲಿ, ಮದುವೆಯಾಗಿ ಕೆಲವು ವರ್ಷ ಕಳೆದರೂ ಮಡಿಲು ತುಂಬದ ಹೆಣ್ಣುಮಗಳ ಪರವಾಗಿ ಅತ್ತೆಯೋ ತಾಯಿಯೋ ಇಂಥ ಸರಕನ್ನು ಕೇಳಿಕೊಂಡು ಬರುವುದು ಹಿಂದಿನಿಂದ ನಡೆದುಬಂದ ರೂಢಿ. ಇದರ ಜೊತೆಗೆ ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ಸರಕು ಸೇರಿಕೊಂಡಿದೆ. ಗುಲಾಬಿ ಸ್ಫಟಿಕ, ಚಂದ್ರಕಾಂತ ಶಿಲೆ ಮೊದಲಾದ ಕಲ್ಲುಮಣಿಗಳನ್ನು ಕೈಯಿಂದ ಪೋಣಿಸಿ, ‘ಸಂತಾನಕ್ಕೆ ಅನುಕೂಲ’ ಎಂಬ ಚೀಟಿಯೊಡನೆ ಮಾರುವ ಬಳೆ ಮತ್ತು ಸರಗಳೇ ಅವು. ಮನೆಯಲ್ಲಿ ಕುಳಿತು ಮಣಿ ಪೋಣಿಸುವ ಗೃಹಿಣಿಯರೂ ಸ್ವಸಹಾಯ ಸಂಘಗಳ ಸದಸ್ಯೆಯರೂ ಈ ವ್ಯಾಪಾರಕ್ಕೆ ಇಳಿಯುತ್ತಿದ್ದಾರೆ. ನೋಂದಣಿ, ತೆರಿಗೆ, ಪರವಾನಗಿಗಳ ಬಗ್ಗೆ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುವುದು ಪ್ರಸ್ತುತ ಲೇಖನದ ಉದ್ದೇಶ.

ತೆರಿಗೆಯ ಪ್ರಶ್ನೆ ಇಲ್ಲಿ ಸುಲಭವಾದದ್ದು. ಹೆಚ್ಚಿನವರು ಕೇಳದೇ ಬಿಡುವ ಪ್ರಶ್ನೆ ಚೀಟಿಯ ಮೇಲಿನ ಬರಹಕ್ಕೆ ಸಂಬಂಧಿಸಿದ್ದು. ಬೇರನ್ನು ಮಾರುವುದು ಅಪರಾಧವಲ್ಲ. ಮಣಿಸರವನ್ನು ಮಾರುವುದೂ ಅಪರಾಧವಲ್ಲ. ಅದೇ ಬೇರಿಗೆ, ಅದೇ ಸರಕ್ಕೆ ‘ಬಂಜೆತನ ನಿವಾರಕ’ ಎಂಬ ಎರಡು ಪದಗಳನ್ನು ಅಂಟಿಸಿದ ಕ್ಷಣದಲ್ಲಿ ವರ್ತಕನು ಬೇರೊಂದು ಕಾಯಿದೆಯ ವ್ಯಾಪ್ತಿಗೆ ಬರುತ್ತಾನೆ. ಆದಕಾರಣ ಮೊದಲು ಆ ಕಾಯಿದೆಯನ್ನೇ ನೋಡೋಣ.

1954ರ ಕಾಯಿದೆ

ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳು (ಆಕ್ಷೇಪಾರ್ಹ ಜಾಹೀರಾತುಗಳು) ಕಾಯಿದೆಯು 1954ರಲ್ಲಿ ಅಂಗೀಕಾರವಾಗಿ 1955ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಕೆಲವು ನಿರ್ದಿಷ್ಟ ರೋಗ ಹಾಗೂ ಸ್ಥಿತಿಗಳಿಗೆ ಔಷಧವುಂಟೆಂದು ಜಾಹೀರಾತು ನೀಡುವುದನ್ನು ಇದರ 3ನೆಯ ಕಲಂ ನಿಷೇಧಿಸುತ್ತದೆ. ಕಾಯಿದೆಯ ಅನುಸೂಚಿಯಲ್ಲಿರುವ ಸ್ಥಿತಿಗಳ ಪಟ್ಟಿಯಲ್ಲಿ ಸ್ತ್ರೀಯರ ಬಂಜೆತನವೂ ಗರ್ಭಾಶಯದ ತೊಂದರೆಗಳೂ ಹೆಸರಿಸಲ್ಪಟ್ಟಿವೆ. ಮುಟ್ಟಿನ ತೊಂದರೆಗಳ ಉಲ್ಲೇಖವು 3ನೆಯ ಕಲಮಿನಲ್ಲಿಯೇ ಇದೆ. ಔಷಧವು ಗುಣಕಾರಿಯೋ ಅಲ್ಲವೋ ಎಂಬ ಚರ್ಚೆಗೆ ಇಲ್ಲಿ ಎಡೆಯಿಲ್ಲ. ‘ನಮ್ಮ ಔಷಧದಿಂದ ಅನೇಕರಿಗೆ ಮಕ್ಕಳಾಗಿವೆ, ಸಾಕ್ಷಿಗಳಿದ್ದಾರೆ’ ಎಂದು ವಾದಿಸುವ ವರ್ತಕ ಮಿತ್ರರು ಇದನ್ನು ಗಮನಿಸಬೇಕು. ಪಟ್ಟಿಯಲ್ಲಿರುವ ಸ್ಥಿತಿಗೆ ಜಾಹೀರಾತು ನೀಡುವುದೇ ನಿಷಿದ್ಧ.

ಜಾಹೀರಾತು ಎಂದರೆ ಪತ್ರಿಕೆಯಲ್ಲಿ ಹಣ ತೆತ್ತು ಹಾಕಿಸುವುದು ಮಾತ್ರ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಕಾಯಿದೆಯ ವ್ಯಾಖ್ಯೆ ಅದಕ್ಕಿಂತ ಬಹಳ ವಿಶಾಲ. ಸೂಚನಾಪತ್ರ, ಕರಪತ್ರ, ಚೀಟಿ, ಹೊದಿಕೆ ಕಾಗದ, ಬಾಯಿಮಾತಿನ ಘೋಷಣೆ, ಕೊನೆಗೆ ಬೆಳಕು, ಶಬ್ದ ಅಥವಾ ಹೊಗೆಯ ಮೂಲಕ ಮಾಡುವ ಪ್ರಕಟಣೆಯೂ ಅದರಲ್ಲಿ ಸೇರಿದೆ. ಹೊಗೆಯಿಂದ ಜಾಹೀರಾತು ಬರೆಯುವವರು ನಮ್ಮ ಜಿಲ್ಲೆಯಲ್ಲಿ ಯಾರೂ ಇರಲಾರರು. ಆದರೆ ಜಾತ್ರೆಯಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಬೇರುನಾರು ಮಾರುವವರನ್ನು ನಾವೆಲ್ಲರೂ ಕಂಡಿದ್ದೇವೆ. ಅವರ ಕೂಗು ಸಹ ಈ ವ್ಯಾಖ್ಯೆಯೊಳಗೆ ಬರುತ್ತದೆ. ಪೊಟ್ಟಣದ ಮೇಲಿನ ಚೀಟಿಯಂತೂ ಸ್ಪಷ್ಟವಾಗಿ ಬರುತ್ತದೆ. ಮೊಬೈಲ್ ದೂರವಾಣಿಯಲ್ಲಿ ಗ್ರಾಹಕರ ಗುಂಪಿಗೆ ಕಳುಹಿಸುವ ಸಂದೇಶವನ್ನು ಇದರ ಹೊರಗಿನದೆಂದು ಭಾವಿಸಿ ನಿಶ್ಚಿಂತೆಯಿಂದಿರುವುದು ಜಾಣತನವಲ್ಲ.

ಮಣಿಸರ ಮಾರುವವರು ‘ನಮ್ಮದು ಔಷಧವೇ ಅಲ್ಲ’ ಎಂದು ಹೇಳಬಹುದು. ಅವರಿಗಾಗಿಯೇ ಕಾಯಿದೆಯ ಹೆಸರಿನಲ್ಲಿ ‘ಮಾಂತ್ರಿಕ ಪರಿಹಾರ’ ಎಂಬ ಪದವಿದೆ. ತಾಯಿತ, ಮಂತ್ರ, ಕವಚ, ಹಾಗೂ ರೋಗ ಪರಿಹರಿಸುವ ಅದ್ಭುತ ಶಕ್ತಿ ತನಗಿದೆಯೆಂದು ಹೇಳಿಕೊಳ್ಳುವ ಯಾವುದೇ ವಿಧದ ವಸ್ತು ಅದರಲ್ಲಿ ಅಡಕವಾಗಿದೆ. ಇಂಥ ಪರಿಹಾರಗಳನ್ನು ನೀಡುವ ವೃತ್ತಿಯವರು ಅವುಗಳ ಜಾಹೀರಾತಿನಲ್ಲಿ ಯಾವ ರೀತಿಯಲ್ಲೂ ಪಾಲುಗೊಳ್ಳದಂತೆ 5ನೆಯ ಕಲಂ ತಡೆಯುತ್ತದೆ. ‘ಗರ್ಭಕೋಶದ ದೋಷ ನಿವಾರಿಸುವ ಚಂದ್ರಕಾಂತ ಬಳೆ’ ಎಂಬ ಚೀಟಿಗೂ ಹಳೆಯ ತಾಮ್ರದ ತಾಯಿತಕ್ಕೂ ಈ ಕಾಯಿದೆಯ ದೃಷ್ಟಿಯಲ್ಲಿ ಭೇದವಿದೆಯೆಂದು ನನಗೆ ತೋರುವುದಿಲ್ಲ. ಸಂಸತ್ತು ಮೊದಲ ಅಪರಾಧಕ್ಕೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ, ಪುನರಾವರ್ತನೆಗೆ ಒಂದು ವರ್ಷದವರೆಗಿನ ಸೆರೆವಾಸವನ್ನೂ ಈ ಕಾಯಿದೆಯಲ್ಲಿ ಇರಿಸಿತ್ತು.

ವ್ಯಾಪಾರದ ಸ್ವಾತಂತ್ರ್ಯ ಮತ್ತು ಮಾತಿನ ಸ್ವಾತಂತ್ರ್ಯಗಳನ್ನು ಮುಂದಿಟ್ಟು ಹಮ್‌ದರ್ದ್ ದವಾಖಾನೆಯು ಈ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತ್ತು. 1959ರ ಡಿಸೆಂಬರಿನಲ್ಲಿ ಬಂದ ತೀರ್ಪು ಕೆಲವು ಭಾಗಗಳನ್ನು ಅಸಿಂಧುಗೊಳಿಸಿತಾದರೂ, ನಿಷಿದ್ಧ ಔಷಧದ ಮಾರಾಟಕ್ಕಾಗಿ ನೀಡುವ ಜಾಹೀರಾತು ವಾಕ್ ಸ್ವಾತಂತ್ರ್ಯದ ರಕ್ಷಣೆ ಪಡೆಯಲಾರದು ಎಂಬ ಮುಖ್ಯ ನಿಲುವನ್ನು ತಾಳಿತು. 1963ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ, ನ್ಯಾಯಾಲಯ ತೋರಿಸಿದ ಲೋಪಗಳನ್ನು ಸರಿಪಡಿಸಿತು.

ಪುತ್ರಂಜೀವದ ಹೆಸರು ತಂದ ತೊಡಕು

ಮೂಲಿಕೆ ಮತ್ತು ಆಭರಣ ಎರಡೂ ಒಂದೇ ಬೀಜದಲ್ಲಿ ಕೂಡಿರುವ ಉದಾಹರಣೆಯೆಂದರೆ ಪುತ್ರಂಜೀವ. ಮಕ್ಕಳ ಕೊರಳಿಗೆ ಇದರ ಗಟ್ಟಿ ಬೀಜಗಳನ್ನು ಮಣಿಯಂತೆ ಪೋಣಿಸಿ ಹಾಕುವ ಪದ್ಧತಿ ದೇಶದ ಹಲವೆಡೆ ಇತ್ತು. ಮರದ ಹೆಸರು ಸಹ ಆ ನಂಬಿಕೆಯನ್ನೇ ಸೂಚಿಸುತ್ತದೆ. ಇದೇ ಬೀಜವನ್ನು ಪತಂಜಲಿ ಸಮೂಹದ ದಿವ್ಯ ಫಾರ್ಮಸಿಯು ‘ಪುತ್ರಜೀವಕ ಬೀಜ’ ಎಂಬ ಹೆಸರಿನಲ್ಲಿ ಮಾರುತ್ತಿದ್ದುದು 2015ರ ಏಪ್ರಿಲ್ ಕೊನೆಯಲ್ಲಿ ರಾಜ್ಯಸಭೆಯಲ್ಲಿ ಗದ್ದಲಕ್ಕೆ ಕಾರಣವಾಯಿತು. ಸದಸ್ಯ ಕೆ.ಸಿ. ತ್ಯಾಗಿಯವರು ಪೊಟ್ಟಣವನ್ನು ಸದನದಲ್ಲಿ ಪ್ರದರ್ಶಿಸಿ, ಗಂಡುಮಗುವಿನ ಆಸೆ ಹುಟ್ಟಿಸಿ ಮಾರಲಾಗುತ್ತಿದೆ ಎಂದು ಆಕ್ಷೇಪಿಸಿದರು. ಅದು ಗಿಡದ ಹೆಸರೇ ಹೊರತು ಗಂಡುಮಗುವಿನ ಭರವಸೆಯಲ್ಲ, ಬಂಜೆತನಕ್ಕೆ ಕೊಡುವ ಔಷಧ ಎಂಬುದು ಸಂಸ್ಥೆಯ ಸಮಜಾಯಿಷಿ. ಸಮಜಾಯಿಷಿಯ ಎರಡನೆಯ ಭಾಗವನ್ನು ವಾಚಕರು ಮತ್ತೊಮ್ಮೆ ಓದಬೇಕು. ಒಂದು ಕಾಯಿದೆಯಿಂದ ತಪ್ಪಿಸಿಕೊಳ್ಳುವ ಮಾತು, ಪೊಟ್ಟಣದ ಮೇಲೆ ಬಂದರೆ, ಮತ್ತೊಂದು ಕಾಯಿದೆಯ ಬಾಗಿಲಿಗೆ ಒಯ್ದು ನಿಲ್ಲಿಸಬಲ್ಲದು.

ಗಂಡುಮಗುವಿನ ಮಾತು ನಮ್ಮ ಜಿಲ್ಲೆಯಲ್ಲಿ ಲಘುವಾಗಿ ಆಡುವಂಥದಲ್ಲ. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಭ್ರೂಣಲಿಂಗ ಪತ್ತೆ ಜಾಲದ ಜಾಡು ಮಂಡ್ಯದ ಒಂದು ಆಲೆಮನೆಯವರೆಗೂ ಬಂದು ಮುಟ್ಟಿತು. ಬೆಲ್ಲ ಬೇಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರವಿತ್ತೆಂಬ ಸುದ್ದಿ ಓದಿ ಜಿಲ್ಲೆಯ ಜನ ತಲೆತಗ್ಗಿಸಿದ್ದು ಇನ್ನೂ ಹಳೆಯದಾಗಿಲ್ಲ. ಗರ್ಭಧಾರಣೆಗೆ ಮೊದಲೇ ಲಿಂಗ ಆಯ್ಕೆ ಮಾಡಿಕೊಡುವ ಯಾವುದೇ ವಿಧಾನದ ಜಾಹೀರಾತನ್ನು, ಅದು ವೈಜ್ಞಾನಿಕವಿರಲಿ ಇಲ್ಲದಿರಲಿ, 1994ರ ಲಿಂಗಪತ್ತೆ ನಿಷೇಧ ಕಾಯಿದೆಯ 22ನೆಯ ಕಲಂ ತಡೆಯುತ್ತದೆ. ಮೂರು ವರ್ಷಗಳವರೆಗಿನ ಸೆರೆವಾಸ ಹಾಗೂ ಹತ್ತು ಸಾವಿರ ರೂಪಾಯಿಗಳವರೆಗಿನ ದಂಡ ಅದಕ್ಕಿದೆ. ‘ಪುತ್ರಪ್ರಾಪ್ತಿ’ ಎಂಬ ಪದವನ್ನು ಮಂಗಳಸೂಚಕವೆಂದು ಬಗೆದು ಚೀಟಿಯ ಮೇಲೆ ಮುದ್ರಿಸುವವರು ಈ ಕಲಮನ್ನು ಒಮ್ಮೆ ಓದಿಸಿಕೊಳ್ಳಲಿ.

ಪರವಾನಗಿ ಯಾರಿಗೆ ಬೇಕು?

ಬೇರು, ತೊಗಟೆ, ಬೀಜಗಳನ್ನು ಬಿಡಿಯಾಗಿ, ಇದ್ದ ಹಾಗೆಯೇ ತೂಗಿ ಕೊಡುವ ಗ್ರಂಧಿಗೆ ಅಂಗಡಿಯವರು ಔಷಧ ತಯಾರಕರಲ್ಲ. ಅವನ್ನೇ ಕುಟ್ಟಿ ಪುಡಿಮಾಡಿ, ಬೆರೆಸಿ, ಔಷಧವೆಂಬ ಹೆಸರಿಟ್ಟು ಪೊಟ್ಟಣ ಕಟ್ಟಿದಲ್ಲಿ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯಂತೆ ಆಯುರ್ವೇದ ಔಷಧ ತಯಾರಿಕೆಯ ಪರವಾನಗಿ ಅವಶ್ಯಕ. ಉತ್ತಮ ತಯಾರಿಕಾ ಕ್ರಮಗಳನ್ನು ಹೇಳುವ ‘ಟಿ’ ಅನುಸೂಚಿಗೆ ಒಪ್ಪುವ ಸ್ಥಳ, ಉಪಕರಣ, ತಜ್ಞ ಸಿಬ್ಬಂದಿ ಇರಬೇಕು. ಪೊಟ್ಟಣದ ಮೇಲೆ ಪರವಾನಗಿ ಸಂಖ್ಯೆ, ತಂಡದ ಸಂಖ್ಯೆ, ತಯಾರಿಕೆಯ ದಿನಾಂಕ ಕಾಣಬೇಕು. ತನ್ನಲ್ಲಿಗೆ ಬರುವ ರೋಗಿಗಾಗಿ ತಾನೇ ಮದ್ದು ಅರೆದುಕೊಡುವ ವೈದ್ಯನಿಗೆ ಕಾಯಿದೆ ವಿನಾಯಿತಿ ನೀಡಿದೆ. ಆ ವಿನಾಯಿತಿಯ ಮರೆಯಲ್ಲಿ ಅಂಗಡಿಗಳಿಗೆ ಸಗಟು ಸರಬರಾಜು ಮಾಡಲಾಗದು. ಪರವಾನಗಿ ಪಡೆದವರ ಸಿದ್ಧ ಆಯುರ್ವೇದ ಔಷಧವನ್ನು ಕೇವಲ ಮಾರಾಟ ಮಾಡುವ ಅಂಗಡಿಗೆ ಈ ಕಾಯಿದೆಯ ಪ್ರಕಾರ ಪ್ರತ್ಯೇಕ ಮಾರಾಟ ಪರವಾನಗಿ ಬೇಕಿಲ್ಲ. ಆದರೂ ಸರಬರಾಜುದಾರರ ಪರವಾನಗಿಯ ನಕಲನ್ನು ಖರೀದಿ ಕಡತದಲ್ಲಿ ಇರಿಸಿಕೊಳ್ಳುವಂತೆ ನನ್ನ ಕಕ್ಷಿದಾರರಿಗೆ ಸದಾ ಹೇಳುತ್ತೇನೆ.

ಇದು ಬರೀ ಕಾಗದದ ಶಿಸ್ತಲ್ಲ. ಭಾರತದಲ್ಲಿ ತಯಾರಾದ ಆಯುರ್ವೇದ ಔಷಧಗಳನ್ನು ಸೇವಿಸಿದ ಆರು ಮಂದಿ ಗರ್ಭಿಣಿಯರಲ್ಲಿ ಸೀಸದ ವಿಷ ಕಂಡುಬಂದ ಪ್ರಕರಣಗಳನ್ನು ನ್ಯೂಯಾರ್ಕ್ ನಗರದ ಆರೋಗ್ಯಾಧಿಕಾರಿಗಳು ಪತ್ತೆಮಾಡಿದ್ದು, 2012ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಅದರ ವರದಿ ಪ್ರಕಟವಾಯಿತು. ತಾಯಿಯ ರಕ್ತದಲ್ಲಿನ ಸೀಸ ಗರ್ಭದ ಶಿಶುವನ್ನೂ ತಲುಪುತ್ತದೆ. ಮಗುವಿಗಾಗಿಯೇ ಮದ್ದು ಕೊಳ್ಳುವ ಗ್ರಾಹಕಿಗೆ ಹೆಸರಿಲ್ಲದ ಭಸ್ಮವನ್ನೋ ಬಿಲ್ಲಿಲ್ಲದ ಮಾತ್ರೆಯನ್ನೋ ಕೊಡುವುದು ಎಂಥ ಕೆಲಸವೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲುಮಣಿಗಳಲ್ಲಿಯೂ ಇಂಥದೊಂದು ಎಚ್ಚರ ಬೇಕು. ಸ್ಫಟಿಕವೆಂಬುದು ಮರಳಿನಲ್ಲಿರುವ ಸಿಲಿಕವೇ, ಧರಿಸಿದರೆ ಅಪಾಯವಿಲ್ಲ. ಆದರೆ ಕಲ್ಲನ್ನು ರಾತ್ರಿಯೆಲ್ಲ ನೀರಿನಲ್ಲಿಟ್ಟು ಬೆಳಿಗ್ಗೆ ಕುಡಿಯಬೇಕೆಂಬ ಸಲಹೆ ಈಗ ಚೀಟಿಗಳಲ್ಲಿ ಕಾಣುತ್ತಿದೆ. ಹಸಿರು ಮ್ಯಾಲಕೈಟ್ ತಾಮ್ರದ ಸಂಯುಕ್ತ, ಕೆಂಪು ಇಂಗಳೀಕ ಪಾದರಸದ್ದು. ಇಂಥ ಸಲಹೆಯನ್ನು ಸರಕಿನೊಡನೆ ಕೊಟ್ಟು, ಹಾನಿಯಾದ ಬಳಿಕ ‘ನಾವು ಮಾರಿದ್ದು ಆಭರಣ ಮಾತ್ರ’ ಎಂದರೆ ಗ್ರಾಹಕ ಆಯೋಗ ಕೇಳಿಕೊಳ್ಳಲಾರದು.

ಚೀಟಿಯ ಬೆಲೆ ಎಷ್ಟು?

ಒಂದು ಊಹಾತ್ಮಕ ಲೆಕ್ಕವನ್ನು ಗಮನಿಸೋಣ. ಒಂದು ಬಳೆಗೆ ಮಣಿ 120 ರೂ., ದಾರ ಮತ್ತು ಕೊಂಡಿ 15 ರೂ., ಪೋಣಿಸುವ ಕೂಲಿ 40 ರೂ., ಪೆಟ್ಟಿಗೆ 10 ರೂ. ಎಂದಿಟ್ಟುಕೊಂಡರೆ ಅಸಲು 185 ರೂ. ಆಗುತ್ತದೆ. ಕೈಕೆಲಸದ ಅಂದಕ್ಕಾಗಿ ಗ್ರಾಹಕಿ 350 ರೂ. ಕೊಟ್ಟರೆ ಅದು ನ್ಯಾಯವಾದ ವ್ಯಾಪಾರ. ಅದೇ ಬಳೆ ‘ಸಂತಾನ ಬಳೆ’ ಎಂಬ ಹೆಸರಿನಲ್ಲಿ 1,500 ರೂ.ಗಳಿಗೆ ಹೋಗುತ್ತದೆಂದು ಭಾವಿಸಿ. ಮಣಿ ಬದಲಾಗಿಲ್ಲ, ಕೂಲಿ ಏರಿಲ್ಲ. ಹೆಚ್ಚುವರಿ 1,150 ರೂ. ಯಾವುದರ ಬೆಲೆ? ಲೆಕ್ಕಪರಿಶೋಧಕನ ಕಣ್ಣಿಗೆ ಅದು ಚೀಟಿಯ ಮೇಲಿನ ಮಾತಿನ ಬೆಲೆ. ಲಾಭದ ಮುಕ್ಕಾಲು ಪಾಲಿಗೂ ಮಿಕ್ಕಿದ ಭಾಗ ಕಾನೂನು ನಿಷೇಧಿಸಿದ ಒಂದು ವಾಕ್ಯದ ಮೇಲೆ ನಿಂತಿರುವ ವ್ಯಾಪಾರಕ್ಕೆ ಯಾವ ಬ್ಯಾಂಕು ಸಾಲ ಕೊಟ್ಟೀತು?

ಆದಾಯ ತೆರಿಗೆಯಲ್ಲಿಯೂ ಇದರ ಪರಿಣಾಮವಿದೆ. ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ಖರ್ಚನ್ನು ವ್ಯಾಪಾರದ ವೆಚ್ಚವೆಂದು ಕಳೆಯಲು ಬಾರದೆಂದು 1961ರ ಕಾಯಿದೆಯ 37(1)ನೆಯ ಕಲಮಿನ ವಿವರಣೆ ಹೇಳಿತ್ತು. 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿಯೂ ಆ ತತ್ವ ಉಳಿದಿದೆ. ನಿಷಿದ್ಧ ಕರಪತ್ರದ ಮುದ್ರಣ ವೆಚ್ಚ, ಫಲಕದ ಬಾಡಿಗೆ ಇತ್ಯಾದಿಗಳನ್ನು ಅಧಿಕಾರಿ ಒಪ್ಪದಿದ್ದರೆ ವಾದಿಸಲು ನಮಗೆ ಹೆಚ್ಚಿನ ಬಲವಿರುವುದಿಲ್ಲ. ಮಾರಾಟದ ಮೇಲಿನ ಲಾಭಕ್ಕೆ ಮಾತ್ರ ಪೂರ್ಣ ತೆರಿಗೆ!

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ನೂ ಮರೆಯುವಂತಿಲ್ಲ. ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹತ್ತು ಲಕ್ಷ ರೂಪಾಯಿಗಳವರೆಗೆ, ಪುನರಾವರ್ತಿಸಿದರೆ ಐವತ್ತು ಲಕ್ಷದವರೆಗೆ ದಂಡ ವಿಧಿಸಬಹುದು. ಆಯುರ್ವೇದ ಔಷಧಗಳ ಜಾಹೀರಾತಿಗೆ ಪೂರ್ವಾನುಮತಿ ಕಡ್ಡಾಯಗೊಳಿಸಿ 2018ರಲ್ಲಿ ಸೇರಿಸಿದ 170ನೆಯ ನಿಯಮದ ಕಥೆ ಬೇರೆ. ಕೇಂದ್ರ ಸರ್ಕಾರ ಅದನ್ನು 2024ರ ಜುಲೈನಲ್ಲಿ ಕೈಬಿಟ್ಟಿತು, ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮಕ್ಕೆ ತಡೆ ನೀಡಿತು, 2025ರ ಆಗಸ್ಟಿನಲ್ಲಿ ಮೂಲ ಅರ್ಜಿಯೇ ಮುಕ್ತಾಯಗೊಂಡಿತು. ನಿಯಮ ಹೋಯಿತೆಂದು ಹಿಗ್ಗುವವರಿಗೆ ಒಂದು ಮಾತು: 1954ರ ಕಾಯಿದೆ ಪ್ರತ್ಯೇಕವಾದದ್ದು, ಅದು ಎಲ್ಲಿಗೂ ಹೋಗಿಲ್ಲ.

ಸರಕು ಮತ್ತು ಸೇವಾ ತೆರಿಗೆ

ಹಸಿ ಮೂಲಿಕೆಗೆ ತೆರಿಗೆಯಿಲ್ಲ, ಒಣಗಿಸಿದ್ದಕ್ಕೆ ಶೇ. 5. ಆಯುರ್ವೇದ ಔಷಧಗಳಲ್ಲಿ ಹಿಂದೆ ಶಾಸ್ತ್ರೀಯ ಗ್ರಂಥದ ಸೂತ್ರದಂತೆ ತಯಾರಿಸಿ ಅದೇ ಹೆಸರಿನಲ್ಲಿ ಮಾರುವವುಗಳಿಗೆ ಶೇ. 5, ಉಳಿದವುಗಳಿಗೆ ಶೇ. 12 ಇತ್ತು. 2025ರ ಸೆಪ್ಟೆಂಬರ್ 22ರಿಂದ ಈ ಭೇದ ಅಳಿದು ಎಲ್ಲವೂ ಶೇ. 5ಕ್ಕೆ ಬಂದಿವೆ. ಕಲ್ಲುಮಣಿಯ ವಸ್ತುಗಳಿಗೂ ಕೃತಕ ಆಭರಣಗಳಿಗೂ ಶೇ. 3, ಗಾಜಿನ ಬಳೆಗೆ ತೆರಿಗೆಯಿಲ್ಲ.

ಸರಕನ್ನು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ವಾರ್ಷಿಕ ವಹಿವಾಟು 40 ಲಕ್ಷ ರೂ. ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ‘ಮಾತ್ರ’ ಎಂಬ ಪದಕ್ಕೆ ಅಡಿಗೆರೆ ಎಳೆದುಕೊಳ್ಳಿ. ಬಳೆಯೊಡನೆ ‘ಯಾವ ಕಲ್ಲು ಒಪ್ಪುತ್ತದೆ’ ಎಂದು ನೋಡಿ ಹೇಳಲು ಪ್ರತ್ಯೇಕ ಶುಲ್ಕ ಪಡೆದರೆ ಅದು ಸೇವೆ. ಆಗ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ, ನೋಂದಾಯಿತರಾದರೆ ಆ ಶುಲ್ಕಕ್ಕೆ ಶೇ. 18 ತೆರಿಗೆ. ಆರೋಗ್ಯ ಸೇವೆಗೆ ವಿನಾಯಿತಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಆ ವಿನಾಯಿತಿ ಮಾನ್ಯತೆ ಪಡೆದ ವೈದ್ಯ ಪದ್ಧತಿಗಳಿಗೆ ಸೀಮಿತ. ಆಯುರ್ವೇದ ಅದರಲ್ಲಿದೆ, ಸ್ಫಟಿಕ ಚಿಕಿತ್ಸೆ ಇಲ್ಲ. ಪ್ರನಾಳ ಶಿಶು ಚಿಕಿತ್ಸೆಯೂ ವಿನಾಯಿತಿಗೆ ಅರ್ಹವೆಂದು 2022ರ ಆಗಸ್ಟ್ 3ರ ಸುತ್ತೋಲೆ ಸ್ಪಷ್ಟಪಡಿಸಿದೆ. ಅಂತರಜಾಲ ಮಾರಾಟ ತಾಣಗಳ ಮೂಲಕ ರಾಜ್ಯದೊಳಗೆ ಸರಕು ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ಷರತ್ತುಗಳೊಡನೆ ಕಡ್ಡಾಯ ನೋಂದಣಿಯ ತೊಂದರೆ ತಪ್ಪಿದೆ. ಸ್ತ್ರೀಶಕ್ತಿ ಸಂಘದ ಸದಸ್ಯೆಯರಿಗೆ ಇದು ನಿಜವಾದ ಅನುಕೂಲ.

ಗಲ್ಲಾಪೆಟ್ಟಿಗೆಯ ಮುಂದೆ ನಿಂತ ಗ್ರಾಹಕಿ

ಹಾಗಾದರೆ ಈ ವ್ಯಾಪಾರವನ್ನೇ ಬಿಡಬೇಕೇ ಎಂದು ಕೇಳಬಹುದು. ಬಿಡಬೇಕಾಗಿಲ್ಲ. ಅರಳಿಕಟ್ಟೆ ಸುತ್ತುವುದು, ಹರಕೆ ಹೊರುವುದು, ಒಳ್ಳೆಯದಾಗಲೆಂದು ಒಂದು ಮಣಿ ಧರಿಸುವುದು ಮನೆಮನೆಯ ವಿಶ್ವಾಸ. ಅದರಲ್ಲಿ ತಲೆಹಾಕುವುದು ಲೆಕ್ಕಿಗನ ಕೆಲಸವಲ್ಲ. ಬಳೆಯನ್ನು ಬಳೆಯೆಂದು ಮಾರಿ, ಕಲ್ಲಿನ ಹೆಸರು ಬರೆಯಿರಿ, ಪೋಣಿಸಿದವರ ಊರಿನ ಹೆಸರು ಬರೆಯಿರಿ. ಮಳವಳ್ಳಿಯಲ್ಲಿ ಕೈಯಿಂದ ಪೋಣಿಸಿದ್ದು ಎಂಬ ಸಾಲಿಗೆ ಬೆಂಗಳೂರಿನ ಗ್ರಾಹಕರು ಗೌರವ ಕೊಡುತ್ತಾರೆ. ನೆರೆಯ ಚನ್ನಪಟ್ಟಣದವರು ಅರಗಿನ ಬಣ್ಣದ ಮರದ ಸಾಮಾನುಗಳಿಗೆ ಭೌಗೋಳಿಕ ಸೂಚ್ಯಂಕವನ್ನೇ ಪಡೆದು ಯಾವ ರೋಗದ ಹೆಸರನ್ನೂ ಹೇಳದೆ ಮಾರುತ್ತಿದ್ದಾರೆ.

ಆದರೆ ಗ್ರಾಹಕಿ ಹಣದ ಜೊತೆಗೆ ಇನ್ನೊಂದನ್ನೂ ಖರ್ಚು ಮಾಡುತ್ತಿರುತ್ತಾಳೆ, ಅದು ಅವಳ ಕಾಲ. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ದಂಪತಿಗಳು ವೈದ್ಯರನ್ನು ಕಾಣಬೇಕು, ಪತ್ನಿಗೆ 35 ದಾಟಿದ್ದರೆ ಆರು ತಿಂಗಳಿಗೇ ಕಾಣಬೇಕು ಎಂಬುದು ವೈದ್ಯಲೋಕದ ಒಪ್ಪಿತ ಸಲಹೆ. ‘ಮೂರು ಮಂಡಲ ಸೇವಿಸಿ’ ಎಂದು ಪುಡಿ ಕೊಟ್ಟರೆ ನಾಲ್ಕು ತಿಂಗಳು ಹೋದಂತೆ. ಅದು ಫಲಿಸದೆ ಬಳೆ, ಬಳೆ ಫಲಿಸದೆ ಮತ್ತೊಂದು ಪುಡಿ. 34ರ ಹೆಣ್ಣುಮಗಳು 36 ಆಗುವುದು ಹೀಗೆ. 2021ರ ಸಹಾಯಕ ಸಂತಾನೋತ್ಪತ್ತಿ ಕಾಯಿದೆ ಸ್ತ್ರೀಗೆ 50 ಹಾಗೂ ಪುರುಷನಿಗೆ 55 ವರ್ಷದ ಮಿತಿ ಇಟ್ಟಿದೆ; ಶರೀರ ಇಡುವ ಮಿತಿ ಅದಕ್ಕಿಂತ ಬಹಳ ಮೊದಲೇ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು ಆರು ಮಂದಿಯಲ್ಲಿ ಒಬ್ಬರು ಜೀವಮಾನದಲ್ಲಿ ಎಂದಾದರೂ ಬಂಜೆತನ ಅನುಭವಿಸುತ್ತಾರೆ. ಅದರಲ್ಲಿ ಪುರುಷರ ಪಾಲು ಸಣ್ಣದಲ್ಲ. ಆದರೂ ಪುಡಿ, ಬಳೆ, ಸರ ಎಲ್ಲವೂ ತಯಾರಾಗುವುದು ಹೆಣ್ಣಿಗಾಗಿ. ಗಂಡಿಗೊಂದು ‘ಸಂತಾನ ಉಂಗುರ’ವನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ! ಗಂಡನ ವೀರ್ಯ ಪರೀಕ್ಷೆ ಒಂದೆರಡು ದಿನದ ಕೆಲಸ. ‘ಇಬ್ಬರೂ ಒಟ್ಟಿಗೆ ಹೋಗಿ ತೋರಿಸಿಕೊಳ್ಳಿ ತಾಯಿ, ಏನೇ ಮದ್ದು ತೆಗೆದುಕೊಂಡರೂ ಡಾಕ್ಟರಿಗೆ ಹೇಳಿ’ ಎಂದು ಅಂಗಡಿಯವರು ಹೇಳಿದರೆ ವ್ಯಾಪಾರಕ್ಕೆ ಕುಂದಾಗದು. ಗರ್ಭ ನಿಂತಿರಬಹುದೆಂಬ ಸಂಶಯವಿದ್ದಾಗ ಅಶ್ವಗಂಧದಂಥ ಮೂಲಿಕೆಗಳನ್ನು ವೈದ್ಯರನ್ನು ಕೇಳದೆ ಮುಂದುವರಿಸಬಾರದೆಂಬ ಮಾತನ್ನೂ ಜೊತೆಗೆ ಸೇರಿಸಬಹುದು.

ಹಳೆಯ ಚೀಟಿಗಳ ವಿಲೇವಾರಿ

ಆಕ್ಷೇಪಾರ್ಹ ಬರಹವಿರುವ ಚೀಟಿ, ಪೆಟ್ಟಿಗೆ, ಕರಪತ್ರಗಳು ದಾಸ್ತಾನಿನಲ್ಲಿದ್ದರೆ ಮಾರ್ಚ್ ಅಂತ್ಯದವರೆಗೆ ಕಾಯದೆ ಈಗಲೇ ಬೇರ್ಪಡಿಸಿರಿ. ಅವುಗಳ ಪಟ್ಟಿ ಮಾಡಿ, ನಾಶಪಡಿಸಿದ ದಿನಾಂಕ ನಮೂದಿಸಿ, ಮಾಲೀಕರ ಸಹಿಯೊಡನೆ ಕಡತದಲ್ಲಿಡಿ. ನಾಶಪಡಿಸಿದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)(ಎಚ್) ಕಲಮಿನಂತೆ ಹಿಂತಿರುಗಿಸಬೇಕು. ಆಯಾ ತಿಂಗಳ 3-ಬಿ ನಮೂನೆಯಲ್ಲಿಯೇ ಅದನ್ನು ತೋರಿಸುವುದು ಲೇಸು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಜಮೆಯೇ ಇಲ್ಲದ ಕಾರಣ ಈ ತೊಂದರೆಯಿಲ್ಲ, ದಾಸ್ತಾನು ಪುಸ್ತಕದಲ್ಲಿ ನಮೂದು ಮಾಡಿದರೆ ಸಾಕು. ಬಳೆಗಳನ್ನು ಬಿಚ್ಚಿ ಮಣಿಯನ್ನು ಮರುಬಳಕೆ ಮಾಡುವುದಾದರೆ ಜಮೆ ಹಿಂತಿರುಗಿಸುವ ಪ್ರಮೇಯ ಮಣಿಗೆ ಬರುವುದಿಲ್ಲ, ಪೆಟ್ಟಿಗೆ ಮತ್ತು ಚೀಟಿಗಳಿಗೆ ಮಾತ್ರ ಬರುತ್ತದೆ.